ಬೀಗರ ಹಿತ್ತಲಲ್ಲಿ ಕಲಿತ ಭಾಷೆ

ಅರವತ್ತು ದಾಟಿದ ಮೇಲೆ ಹೊಸ ಭಾಷೆ ಕಲಿತರೆ ಬುದ್ಧಿ ಚುರುಕಾಗುತ್ತದೆ ಎಂದು ಯಾರೋ ಮಹಾನುಭಾವರು ಹೇಳಿದ್ದಾರಂತೆ. ಅದು ನೇರವಾಗಿ ನನ್ನ ಹೆಂಡತಿಯ ಮೊಬೈಲಿಗೇ ಬಂದಿತು. ಕಲಿಯುವ ಭರದಲ್ಲಿ ಇರುವ ಬುದ್ಧಿಯೂ ಹೋಗಬಹುದು ಎಂಬ ಎಚ್ಚರಿಕೆಯನ್ನು ಮಾತ್ರ ಅವರು ಸೇರಿಸಿರಲಿಲ್ಲ. ನಾನು ರಿಟೈರಾದ ಕನ್ನಡ ಮೇಷ್ಟ್ರು. ತಮ್ಮ ಮನೆಯಲ್ಲಿ ಮಲಯಾಳ, ತಮಿಳು, ಉರ್ದು ಮಾತಾಡುವ ಶಾಲೆಯ ಮಕ್ಕಳಿಗೆಲ್ಲ, ಭಾಷೆ ಕಲಿಯುವುದು ಏನು ಮಹಾ, ಕಿವಿ ಕೊಟ್ಟರೆ ಸಾಕು ಎಂದು ಉಪದೇಶ ಮಾಡಿದವನು. ಅವು ಪಾಪ, ಕಿವಿ ಕೊಟ್ಟವು, ಕಲಿತವು. ನನ್ನ ಸರದಿ ಬಂದಾಗ ನೋಡಿದರೆ, ನನ್ನ ಕಿವಿಯ ತುಂಬ ಆಗಲೇ ಕನ್ನಡ ಕಾಲು ಚಾಚಿ ಮಲಗಿತ್ತು.

ಸರದಿ ಬಂದದ್ದು ಮಗಳು ಕಾವ್ಯಳ ಮದುವೆಯಿಂದ. ಶಿರಂಗಾಲದವರಾದ ನಾವು ಅವಳನ್ನು ನಮ್ಮದೇ ಜಿಲ್ಲೆಯ ಬಾಳೆಲೆ ಎಂಬ ಊರಿನ ಕೊಡವರ ಮನೆಗೆ ಕೊಟ್ಟೆವು. ಬೀಗರು, ಬೀಗಿತ್ತಿ ಇಬ್ಬರೂ ಚಿನ್ನದಂಥವರು. ಆದರೆ ಆ ಮನೆಯ ಹಿರಿಯರು, ಅಳಿಯನ ಅಜ್ಜಿ, ಮದುವೆಯಾದಂದಿನಿಂದ ನಮ್ಮ ಮನೆಗೆ ಬಂದಿರಲಿಲ್ಲ. ದೊಡ್ಡವರಾದ ಮೇಲೆ ಕಲಿತಿದ್ದ ಅವರ ಕನ್ನಡವೆಲ್ಲ ಎಂಬತ್ತರ ನಂತರ ಉದುರಿಹೋಗಿ, ಹುಟ್ಟಿದಾಗ ಬಂದ ಕೊಡವ ತಕ್ಕ್ ಒಂದೇ ಉಳಿದಿತ್ತು. ಮಾತು ತಿಳಿಯದ ಮನೆಯಲ್ಲಿ ಮೂಕಿಯ ಹಾಗೆ ಕೂತಿರಲಾರೆ ಎಂದಿದ್ದರಂತೆ. ಇದರಿಂದ ನನ್ನ ಹೆಂಡತಿಗೆ ಬಹಳ ನೋವಾಗಿತ್ತು. ಹಿರಿಯರು ಕಾಲಿಡದಿದ್ದರೆ ಅದೆಂಥ ಸಂಬಂಧ ಎಂದು ಕಣ್ಣೀರು ಹಾಕುತ್ತಿದ್ದಳು. ‘ಊರಿಗೆಲ್ಲ ಭಾಷೆ ಕಲಿಸಿದೋರು ನೀವು. ಅವರ ಮಾತಲ್ಲೇ ಒಂದ್ಸಲ ಕರೀರಿ’ ಎಂದಳು.

ಕೊಡವ ತಕ್ಕ್ ನಮ್ಮ ಪಕ್ಕದ ಮನೆಯ ಭಾಷೆ, ಕನ್ನಡ ಪದಗಳ ಬಾಲ ಕತ್ತರಿಸಿದರೆ ತಾನಾಗಿ ಬರುತ್ತದೆ ಎಂಬ ಧೈರ್ಯದಿಂದ ಶುರು ಮಾಡಿದೆ. ಹಾಗೆ ಕತ್ತರಿಸಿದ್ದನ್ನು ಮನೆಮಾತಾದ ಅರೆಭಾಷೆಯ ಜೊತೆ ಕೊಡವ ತಕ್ಕೂ ಬಲ್ಲ ನೆರೆಮನೆಯ ಗೌಡರಿಗೆ ಒಪ್ಪಿಸಿದಾಗ ಅವರು ಗಂಭೀರವಾಗಿ ಕೇಳಿ, ‘ಮೇಷ್ಟ್ರೇ, ಇದು ನಿಮ್ಮ ಕನ್ನಡವೇ. ಸ್ವಲ್ಪ ಶೀತ ಆಗಿದೆ ಅಷ್ಟೆ’ ಎಂದರು.

ಸರಿ, ಬೀಗರ ಮನೆಯಲ್ಲೇ ಕಲಿಯೋಣ ಎಂದರೆ ನಮ್ಮ ಜಿಲ್ಲೆಯ ಮರ್ಯಾದೆ ಅಡ್ಡ ಬಂತು. ಇಲ್ಲಿ ಕನ್ನಡದವನೊಬ್ಬ ಬಂದು ಕೂತರೆ ಇಡೀ ಮನೆ ಕನ್ನಡಕ್ಕೆ ತಿರುಗುತ್ತದೆ. ಮೆಟ್ಟಿಲು ಹತ್ತುವಾಗ ಕೇಳುವ ಕೊಡವ ತಕ್ಕ್ ನಾನು ಚಪ್ಪಲಿ ಬಿಡುವಷ್ಟರಲ್ಲಿ ಮಾಯ. ನಾನು ಕಷ್ಟಪಟ್ಟು ಅವರ ಭಾಷೆಯಲ್ಲಿ ಏನಾದರೂ ಕೇಳಿದರೆ ಅವರು ಸುಖವಾಗಿ ನನ್ನ ಭಾಷೆಯಲ್ಲಿ ಉತ್ತರಿಸುತ್ತಿದ್ದರು. ಇಂಥ ಸಜ್ಜನರ ನಡುವೆ ಯಾರು ತಾನೇ ಏನು ಕಲಿತಾರು?

ಪುಣ್ಯಕ್ಕೆ ಹಿತ್ತಲೊಂದಿತ್ತು. ಅಲ್ಲಿ ಉಳಿದುಕೊಂಡಾಗ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಫಿ ಕುಡಿಯುವಾಗ ಬೀಗಿತ್ತಿಯ ಅಪ್ಪಟ ಕೊಡವ ತಕ್ಕ್ ಹಿತ್ತಲಿನಿಂದ ಕೇಳುತ್ತಿತ್ತು. ಅರ್ಥವೂ ಅಷ್ಟಿಷ್ಟು ಆಗುತ್ತಿತ್ತು: ಬಾ ಇಲ್ಲಿ, ಕೂರು, ತಿನ್ನು, ಗಲಾಟೆ ಮಾಡಬೇಡ, ಜೀಪು ಹತ್ತು. ಬೀಗರೂ ಆ ಹೊತ್ತಿಗೆ ಹಿತ್ತಲಲ್ಲೇ ಇರುತ್ತಿದ್ದುದರಿಂದ ಇದು ಅವರಿಗೇ ಹೇಳುತ್ತಿರುವುದು ಎಂದುಕೊಂಡೆ. ನನ್ನ ಸಂಸಾರದ ಅನುಭವವೂ ಅದನ್ನೇ ಹೇಳುತ್ತಿತ್ತು. ಮನೆಯ ಯಜಮಾನರಿಗೆ ಸಲ್ಲುವ ಮಾತು ಅಜ್ಜಿಗೂ ಸಲ್ಲುತ್ತದೆ ಎಂದು ಎಲ್ಲವನ್ನೂ ಬಾಯಿಪಾಠ ಮಾಡಿದೆ.

ಕರೆಯಲು ಹೋದ ದಿನ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಜಗಲಿಯಲ್ಲಿ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ, ಎದ್ದು ನಿಂತು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೆಂಚಿನ ಕೆಳಗಿನಿಂದ ಮನೆಯ ನಾಯಿ ಟೈಗರ್ ಎದ್ದು ಬಂದು ನನ್ನ ಕಾಲ ಬಳಿ ಶಿಸ್ತಾಗಿ ಕೂತಿತು. ಆಮೇಲೆ ಏನೋ ನೆನಪಾದಂತೆ ಓಡಿಹೋಗಿ ಜೀಪು ಹತ್ತಿತು.

‘ಅಪ್ಪಾ, ಅದು ನಾಯಿಗೆ ಹೇಳೋ ಮಾತು’ ಎಂದಳು ಕಾವ್ಯ, ಮೆಲ್ಲಗೆ.

ಬೀಗರು ಅಂಗಳದ ಕಡೆ ತಿರುಗಿ ಕೆಮ್ಮತೊಡಗಿದರು. ನನ್ನ ಹೆಂಡತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಜ್ಜಿ ನನ್ನನ್ನೇ ಒಂದು ಗಳಿಗೆ ನೋಡಿ ಏನೋ ಹೇಳಿದರು. ಕಾವ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿಳಿಸಿದಳು: ‘ಬರ್ತಾರಂತೆ. ಕಟ್ಟೋಕೆ ಚೈನು ತಂದಿದ್ದೀರಾ ಅಂತ ಕೇಳ್ತಿದ್ದಾರೆ.’

ಅಜ್ಜಿ ಬಂದರು. ಎರಡು ದಿನಕ್ಕೆಂದು ಬಂದವರು ಕಾಫಿ ಗಿಡ ಹೂ ಬಿಡುವವರೆಗೆ ತಿಂಗಳುಗಟ್ಟಲೆ ಇದ್ದರು. ನನ್ನೆದುರು ಕನ್ನಡಕ್ಕೆ ತಿರುಗದ ಆ ಮನೆಯ ಏಕೈಕ ವ್ಯಕ್ತಿ ಅವರು. ನನಗೆ ತಿಳಿಯುವುದು ಎಷ್ಟೆಂದು ಗೊತ್ತಾಗಿದ್ದರಿಂದ ಅಷ್ಟನ್ನೇ ಹೇಳುತ್ತಿದ್ದರು: ಬಾ, ಕೂರು, ತಿನ್ನು, ಗಲಾಟೆ ಬೇಡ. ನಾನು ಎಲ್ಲವನ್ನೂ ತಪ್ಪಿಲ್ಲದೆ ಮಾಡುತ್ತಿದ್ದೆ. ಕಲಿಯುವ ಗೋಜಿಗೇ ಹೋಗದ ನನ್ನ ಹೆಂಡತಿ, ಅವರ ಜೊತೆ ಅಡುಗೆಮನೆಯಲ್ಲಿ ಕೂತೇ, ಈ ಪಾಠವನ್ನು ಎರಡೇ ದಿನದಲ್ಲಿ ಮುಗಿಸಿದಳು. ವಯಸ್ಸು, ಮಾತೃಭಾಷೆ ಯಾವುದೂ ಅವಳಿಗೆ ಅಡ್ಡ ಬರಲಿಲ್ಲ.

ಅಜ್ಜಿ ಊರಿಗೆ ಹೋದರೂ ಪಾಠ ನಿಂತಿಲ್ಲ. ಮೊನ್ನೆ ಬೀಗರು ಬಂದು ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ಕೊಡವ ತಕ್ಕಿನಲ್ಲಿ ಬಾ, ತಿನ್ನು ಎನ್ನುವ ಹೆಂಡತಿಯ ದನಿ ಕೇಳಿ ಅವರು ಕುತೂಹಲದಿಂದ, ನಾಯಿ ಸಾಕಿದ್ದೀರಾ ಎಂದು ಕೇಳಿದರು. ಇಲ್ಲ ಎಂದು ಹೇಳಿ, ಎದ್ದು ಒಳಗೆ ಹೋದೆ.