ಕೊನೇ ದೃಶ್ಯಕ್ಕೆ ಯಾರೂ ಏಳಬೇಡಿ

ನಮ್ಮ ನಾಟಕ ಸಂಘದಲ್ಲಿ ನಾಟಕ ಅರ್ಧಕ್ಕೇ ಕೆಡದೇ ಇದ್ದ ವರ್ಷವೇ ಇಲ್ಲ. ಮೂಡಿಗೆರೆಯಲ್ಲಿ ನನಗೊಂದು ಪುಸ್ತಕ-ಪೆನ್ನಿನ ಅಂಗಡಿ, ಊರಾಚೆ ಎರಡೆಕರೆ ಕಾಫಿ. ಅದು ಸಾಲದು ಅಂತ ಹದಿನೆಂಟು ವರ್ಷದಿಂದ ಸಂಘದ ಕಾರ್ಯದರ್ಶಿ, ನಿರ್ದೇಶಕ, ಕರ್ಟನ್ ಎಳೆಯುವವ, ಬೈಸಿಕೊಳ್ಳುವವ ಎಲ್ಲಾ ನಾನೇ. ನನ್ನ ಆಸೆ ಒಂದೇ. ಒಂದು ನಾಟಕ, ಒಂದೇ ಒಂದು, ಕೊನೇ ದೃಶ್ಯ ಮುಟ್ಟಬೇಕು. ಆಗ ಎದುರಿಗೆ ಜನ ಕೂತಿರಬೇಕು. ಇದೇನು ದೊಡ್ಡ ಆಸೆಯಾ, ನೀವೇ ಹೇಳಿ.

ಸಿಂಹಾಸನ

ಮೊದಲ ವರ್ಷ ರಾಜರ ನಾಟಕ. ರಾಜನ ಪಾತ್ರ ಎಸ್ಟೇಟ್ ಒಂದರ ರೈಟರಿಗೆ. ಆಳುಗಳ ಹಾಜರಿ ಕೂಗಿ ಕೂಗಿ ಅವನ ದನಿ ಹಾಲಿನ ಕೊನೇ ಸಾಲಿನವರೆಗೂ ಮುಟ್ಟುತ್ತಿತ್ತು. ಅದೇ ಎಸ್ಟೇಟಿನ ಯಜಮಾನರು ಗೌಡ್ರು. ಅವರಿಗೂ ಬಣ್ಣ ಹಚ್ಚುವ ಹುಚ್ಚು, ಆದರೆ ಮಾತು ನೆನಪಿರೋದಿಲ್ಲ. ಅದಕ್ಕೆ ದೂತನ ಪಾತ್ರ ಕೊಟ್ಟೆ. ಒಂದೇ ಮಾತು: "ಪ್ರಭು, ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ."

ಪ್ರಾಕ್ಟೀಸಿಗೆ ಗೌಡ್ರು ಒಂದು ದಿನವೂ ಬರಲಿಲ್ಲ. ನಾಟಕದ ದಿನ ದೂತ ಒಳಗೆ ಬಂದಿದ್ದೇ ತಡ, ರಾಜ ದಡಬಡ ಎದ್ದು ನಿಂತು, ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಬನ್ನಿ ಗೌಡ್ರೇ, ಕೂತ್ಕೊಳ್ಳಿ" ಅಂದ. ಗೌಡ್ರೂ ಅಭ್ಯಾಸಬಲದಲ್ಲಿ ಹೋಗಿ ಸಿಂಹಾಸನದ ಮೇಲೆ ಕೂತೇಬಿಟ್ಟರು. ಮಾತು ಮರೆತುಹೋಗಿತ್ತು. ನಾನು ಪರದೆ ಹಿಂದಿನಿಂದ ಹಲ್ಲು ಕಚ್ಚಿಕೊಂಡು "ಶತ್ರುಗಳು, ಶತ್ರುಗಳು" ಅಂತ ಪಿಸುಗುಟ್ಟಿದೆ. ಗೌಡ್ರು ರಾಜನ ಕಡೆ ತಿರುಗಿ, "ಯಾರೋ ಬಂದಿದಾರಂತೆ, ನೋಡಿ ಕಳ್ಸು" ಅಂದರು.

ರಾಜ "ಆಯ್ತು" ಅಂತ ಹೊರಟ. ಕತ್ತಿ ಹಿಡಿದು ಪರದೆಯಂಚಿನಲ್ಲಿ ನಿಂತಿದ್ದ ಶತ್ರುಗಳಿಗೆ "ಗೌಡ್ರು ಕೂತಿದಾರೆ, ಈಗ ಬೇಡ" ಅಂದ. ಅವರೂ ವಾಪಸ್ ಹೋದರು.

ತಪಸ್ಸು

ಇನ್ನೊಂದು ವರ್ಷ ಪೌರಾಣಿಕ. ಋಷಿಯ ಪಾತ್ರ ನಮ್ಮ ಗ್ಯಾರೇಜ್ ಸಾಹೇಬ್ರಿಗೆ. ಜೀಪ್ ರಿಪೇರಿಯಲ್ಲಿ ಅವರ ಸಮ ಯಾರಿಲ್ಲ. ಶ್ಲೋಕ ಹೇಳಿದರೆ ದೇವಸ್ಥಾನದ ಭಟ್ಟರೇ ತಲೆದೂಗುತ್ತಿದ್ದರು. ಗಡ್ಡವೂ ಸ್ವಂತದ್ದು. ಈ ಸಲ ಗೆದ್ದೆ ಅಂದುಕೊಂಡೆ.

ಘೋರ ತಪಸ್ಸು. ಅಪ್ಸರೆ ಕುಣಿದಳು, ಋಷಿ ಕದಲಲಿಲ್ಲ. ಹಾಲ್ ನಿಶ್ಶಬ್ದ. ಆಗ ಮುಂದಿನ ಸಾಲಿನಲ್ಲಿ ಬಾಳೂರು ಕಡೆಯ ಬೆಳೆಗಾರರೊಬ್ಬರು ಎದ್ದು ನಿಂತರು.

"ಸಾಹೇಬ್ರೇ, ನಮ್ಮ ಜೀಪು ಏನಾಯ್ತು? ಫೋನೇ ಎತ್ತಲ್ವಲ್ಲ ನೀವು!"

ಅಪ್ಸರೆಗೂ ಜಗ್ಗದ ಋಷಿ ಒಂದು ಕಣ್ಣು ತೆರೆದು, "ಗೇರ್ ಬಾಕ್ಸ್ ಬಿಚ್ಚಿದೀನಿ ಮಾರಾಯ್ರೆ, ಬುಧವಾರ ಬನ್ನಿ" ಅಂದರು.

ಅಷ್ಟೇ. ಇನ್ನಿಬ್ಬರು ಎದ್ದರು. ಒಬ್ಬರದು ಬ್ರೇಕು, ಒಬ್ಬರದು ಸ್ಟಾರ್ಟಿಂಗ್ ಟ್ರಬಲ್. ಅಪ್ಸರೆಯಾಗಿದ್ದ ಟೀಚರ್ ಸೊಂಟದ ಮೇಲೆ ಕೈಯಿಟ್ಟು ಕಾದು ಕಾದು, ಕೊನೆಗೆ "ನನ್ನ ಸ್ಕೂಟಿನೂ ಒಂಚೂರು ನೋಡ್ತೀರಾ?" ಅಂದರು. ನಾನು ಕರ್ಟನ್ ಎಳೆದೆ.

ಮಳೆ

ಕೊನೇ ದೃಶ್ಯದಲ್ಲಿ ಮಳೆ ಬರುವ ನಾಟಕ ಆರಿಸಿದ್ದು ನನ್ನ ಹಣೆಬರಹ. ನಾವು ನಾಟಕ ಆಡೋದು ಜನವರಿಯಲ್ಲಿ, ಅದೂ ಮಧ್ಯಾಹ್ನ. ಸಂಜೆಯಾದರೆ ದಾರಿಯಲ್ಲಿ ಆನೆ ಕಾಟ, ಯಾರೂ ಬರಲ್ಲ. ಹಾಲಿನೊಳಗೆ ಕತ್ತಲಾಗಲಿ ಅಂತ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿರುತ್ತೇವೆ. ಆ ಹೊತ್ತಿಗೆ ಎಲ್ಲರ ಕಣದಲ್ಲೂ ಕಾಫಿ ಒಣಗುತ್ತಿರುತ್ತದೆ, ಒಂದು ಮಳೆ ಬಿದ್ದರೂ ಕೆಟ್ಟಿತು.

ಹೋದ ವರ್ಷ ಸಾಹೇಬ್ರು ಪರದೆ ಹಿಂದೆ ತಗಡು ಅಲ್ಲಾಡಿಸಿ, ಮೊರದಲ್ಲಿ ಜಲ್ಲಿ ಆಡಿಸಿ ಗುಡುಗು-ಮಳೆಯ ಶಬ್ದ ಮಾಡಿದ್ದೇ ಮಾಡಿದ್ದು, "ಅಯ್ಯಯ್ಯೋ, ಕಣ!" ಅಂತ ಇನ್ನೂರು ಜನ ಬಾಗಿಲಿಗೆ ನುಗ್ಗಿದರು. ಹೊರಗೆ ಸುಡುಬಿಸಿಲು. ಸ್ಟೇಜಿನ ಮೇಲೆ ಸತ್ತು ಮಲಗಿದ್ದ ನಾಯಕನೂ ಎದ್ದು ಓಡಿದ್ದ.

ಹಠಕ್ಕೆ ಬಿದ್ದು ಈ ವರ್ಷವೂ ಅದೇ ನಾಟಕ ಆಡಿಸಿದೆ. ಶುರುವಿಗೆ ಮುಂಚೆ ಮೈಕ್ ಹಿಡಿದು ಕೈಮುಗಿದೆ. "ಕೊನೇಲಿ ಮಳೆ ಶಬ್ದ ಬರುತ್ತೆ. ಅದು ನಮ್ಮ ತಗಡು. ದಮ್ಮಯ್ಯ, ಯಾರೂ ಏಳಬೇಡಿ."

ಕೊನೇ ದೃಶ್ಯ ಬಂತು. ಧೋ ಅಂತ ಮಳೆ ಶಬ್ದ. ಒಬ್ಬರೂ ಏಳಲಿಲ್ಲ! "ಎಷ್ಟು ಚೆನ್ನಾಗಿ ಮಾಡಿದಾರೆ ಮಾರಾಯ್ರೆ, ಥೇಟ್ ಮಳೆನೇ" ಅಂತ ಪಿಸುಮಾತು. ನಾನು ಪರದೆ ಸಂದಿಯಿಂದ ಕೂತವರ ತಲೆ ಎಣಿಸತೊಡಗಿದೆ. ಆಗ ಸಾಹೇಬ್ರು ಬಂದು ಕಿವಿಯಲ್ಲಿ ಹೇಳಿದರು, "ನಾನಿನ್ನೂ ತಗಡು ಮುಟ್ಟಿಲ್ಲ."

ನನ್ನ ಕಣದಲ್ಲೂ ಕಾಫಿ ಹರವಿತ್ತು. ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಬಾಯಿ ಬಿಟ್ಟುಕೊಂಡು ನಾಟಕ ನೋಡುತ್ತಿದ್ದಳು. ಹೇಳಲಾ, ಬೇಡವಾ? ಹದಿನೆಂಟು ವರ್ಷ ಸ್ವಾಮಿ, ಹದಿನೆಂಟು ವರ್ಷ!

"ಇನ್ನು ಆರೇ ನಿಮಿಷ ಸಾಹೇಬ್ರೇ" ಅಂದೆ. "ತಗಡು ಅಲ್ಲಾಡಿಸಿ. ಜೋರಾಗಿ."

ನಾಟಕ ಮುಗಿಯಿತು. ಏನು ಚಪ್ಪಾಳೆ! ಆಮೇಲೆ ಬಾಗಿಲು ತೆಗೆದರು. ಇನ್ನೂರು ಜನ ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು, ತಿರುಗಿ ನನ್ನನ್ನು ನೋಡಿದರು. ಅವರು ಅಂದದ್ದನ್ನೆಲ್ಲ ಇಲ್ಲಿ ಬರೆಯೋಕಾಗಲ್ಲ.

ಮನೆ ಮುಟ್ಟಿದ್ದೇ ನನ್ನ ಹೆಂಡತಿ ನೇರ ಕಣಕ್ಕೆ ನಡೆದಳು. ಕಣದಲ್ಲಿ ತೇಲುತ್ತಿದ್ದ ಕಾಫಿ ನೋಡುತ್ತಾ ನಿಂತು ಕೇಳಿದಳು, "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ. ಆಮೇಲೆ ತಡೆಯೋಕಾಗದೆ, "ಕೊನೇ ದೃಶ್ಯ ಹೇಗಿತ್ತೇ?" ಅಂತಲೂ ಕೇಳಿಬಿಟ್ಟೆ.

"ಅಳು ಬಂತು" ಅಂದಳು. "ಇನ್ನೂ ನಿಂತಿಲ್ಲ."