ನೊರೆಯ ಬಳೆ

ಹಿನೆಕ್‌ನ ಮೀಸೆಯ ಎಡತುದಿ ಆವತ್ತು ಬೆಳಿಗ್ಗೆ ಮಲಗಲು ಒಪ್ಪಲಿಲ್ಲ. ನೀರು ಹಚ್ಚಿ ಬಾಚಿದರೆ ಮಲಗಿದ ಹಾಗೆ ನಟಿಸಿ, ಬಾಚಣಿಗೆ ಕೆಳಗಿಟ್ಟ ಕೂಡಲೇ ಎದ್ದು ನಿಲ್ಲುತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟು, ಅಂಚೆ ಕಚೇರಿಗೆ ಹೋಗಿ ಮುದ್ರೆ ಒತ್ತುತ್ತ ಕೂರುತ್ತಿದ್ದ. ಆದರೆ ಆವತ್ತು ಸಂತ ಮಾರ್ಟಿನನ ದಿನ, ಮನೆಮನೆಯಲ್ಲೂ ಹೆಬ್ಬಾತು ಬೇಯಿಸುವ ಹಬ್ಬ. ಹಿನೆಕ್ ರಜೆ ಹಾಕಿದ್ದ. ಮಧ್ಯಾಹ್ನ ಅವನು ‘ಜೋಡಿ ಕೊಕ್ಕರೆ’ ಪಬ್ಬಿನಲ್ಲಿ ಒಲೆ ಪಕ್ಕದ ಮೇಜಿಗೆ ಸೇರುವವನಿದ್ದ.

ಬೊಹೆಮಿಯಾದ ನಮ್ಮೂರಿನಂಥ ಸಣ್ಣ ಊರಿನಲ್ಲಿ ಮೇಯರ್ ಆಗುವುದು ಸುಲಭ. ಯಾರಿಗೂ ಬೇಡದ ಕೆಲಸ ಅದು, ಸುಮ್ಮನೆ ನಿಂತಿದ್ದರೂ ತಂದು ತಲೆಗೆ ಕಟ್ಟುತ್ತಾರೆ. ಒಲೆ ಪಕ್ಕದ ಮೇಜು ಹಾಗಲ್ಲ. ಅಲ್ಲಿ ಕೂರುವವರಿಗೆಲ್ಲ ಸ್ವಂತ ಮಗ್ಗು, ಮಗ್ಗಿಗೊಂದು ಕೊಕ್ಕೆ. ಒಬ್ಬ ಸತ್ತರೆ ಮಾತ್ರ ಒಂದು ಕುರ್ಚಿ ಖಾಲಿ. ಈ ಸಲ ಜಿಕ್‌ಮುಂಡ್ ಸತ್ತಿರಲಿಲ್ಲ, ಮೊರಾವಿಯಾದಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡ ಅಳಿಯನ ಮನೆಗೆ ಹೋಗಿ ವೈನ್ ಕುಡಿಯಲು ಶುರುಮಾಡಿದ್ದ. ಮೇಜಿನವರಿಗೆ ಎರಡೂ ಒಂದೇ. ಅವನ ಮಗ್ಗಿಗೆ ಕಪ್ಪು ಪಟ್ಟಿ ಕಟ್ಟಿ ಕೆಳಗಿಳಿಸಿದರು. ಸರದಿಯಲ್ಲಿ ಮೊದಲು ಹಿನೆಕ್ ಇದ್ದ, ಅವನ ಹಿಂದೆ ಪಕ್ಕದ ಮನೆಯ ಕ್ವಿದೋ.

ಸೇರುವವನಿಗೆ ಒಂದು ಪರೀಕ್ಷೆ ಇದೆ. ಎಲ್ಲರ ಎದುರು ಒಂದು ಮಗ್ಗು ಬಿಯರನ್ನು ಆತುರವಿಲ್ಲದೆ ಕುಡಿಯಬೇಕು. ಅವನು ಮುಗಿಸುವವರೆಗೆ ಬೇರೆ ಯಾರಿಗೂ ಬಿಯರಿಲ್ಲ. ಒಂದೊಂದು ಗುಟುಕಿಗೂ ನೊರೆ ಒಂದಿಷ್ಟು ಕೆಳಗಿಳಿದು, ಗಾಜಿನ ಒಳಮೈಗೆ ಒಂದು ಬಿಳಿ ಬಳೆ ಬಿಟ್ಟುಹೋಗುತ್ತದೆ. ಬಳೆಗಳು ನಿಂತರೆ ಬಿಯರು ಒಳ್ಳೆಯದು, ಗಾಜು ಚೊಕ್ಕ, ಕುಡಿದವನು ನಂಬುವಂಥವನು. ಆಮೇಲೆ ಮೇಜಿನ ಹಿರಿಯ ಒತಾಕರಜ್ಜ ಎದ್ದು, ಹೊಸಬನ ಮೀಸೆಗೆ ಅಂಟಿದ ನೊರೆಯನ್ನು ತನ್ನ ಚಮಚದಂಥ ಹೆಬ್ಬೆರಳಿನಿಂದ ಒರೆಸಿ ತಾನು ನೆಕ್ಕುತ್ತಾನೆ. ನೋಡಲು ಅಷ್ಟೇನೂ ಚೆಂದವಿಲ್ಲ. ಆದರೆ ಅಲ್ಲಿಗೆ ಕುರ್ಚಿ ಸಾಯುವವರೆಗೂ ಅವನದು.

ಹಿನೆಕ್ ಮೀಸೆಯ ಜೊತೆ ಗುದ್ದಾಡುತ್ತಿದ್ದಾಗ ಬಾಗಿಲು ತಟ್ಟದೆ ಒಳಗೆ ಬಂದವಳು ಬ್ಲಾಜೆನಾ, ಕ್ವಿದೋನ ಹೆಂಡತಿ. ಹಿನೆಕ್‌ಗೆ ಮದುವೆಯಾಗಿರಲಿಲ್ಲವಾದ್ದರಿಂದ ಅವನ ಮನೆಯ ಹೊಣೆಯೆಲ್ಲ ತನ್ನದೆಂದು ಅವಳು ತಿಳಿದಿದ್ದಳು. ಬ್ರೂವರಿಯ ಅಂಗಳದಲ್ಲಿ ಬಾರ್ಲಿ ಮೂಟೆಗಳ ನಡುವೆ ಹುಟ್ಟಿ ಬೆಳೆದ ಹೆಂಗಸು. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುವ ಗಂಟಲು.

“ಅಯ್ಯೋ ದೇವರೇ, ಏನ್ರೀ ಇದು ಮೀಸೆ? ಬೆಕ್ಕು ಹೆದರಿದ ಹಾಗಿದೆ! ಈ ಗಾಳಿಗೆ ತುಟಿ ಬೇರೆ ಒಡೆದಿದೆ. ಇರಿ, ಹೆಬ್ಬಾತು ಬೇಯಿಸ್ತಾ ಇದೀನಿ, ಬಿಸಿ ಬಿಸಿ ಕೊಬ್ಬು ಇಳಿದಿದೆ. ತಂದ್ಕೊಡ್ತೀನಿ.”

“ಬೇಡ ಬ್ಲಾಜೆನಕ್ಕ, ಯಾಕೆ ತೊಂದ್ರೆ...”

“ಸುಮ್ನಿರಿ. ಮೇಜಿಗೆ ಸೇರೋ ಗಂಡಸು ಹೀಗಾ ಹೋಗೋದು?”

ಬಟ್ಟಲು ಬಂತು. ಹಿನೆಕ್ ಧಾರಾಳವಾಗಿ ಹಚ್ಚಿದ. ಮೀಸೆ ಬೆಣ್ಣೆಯಂತೆ ಮಲಗಿತು, ತುಟಿಯ ಉರಿ ಇಳಿಯಿತು, ಕನ್ನಡಿಯಲ್ಲಿ ಯಾರೋ ದೊಡ್ಡ ಮನುಷ್ಯ ಕಂಡ. ಬೀದಿಯಲ್ಲಿ ಅವನನ್ನು ಹೆಬ್ಬಾತಿನ ವಾಸನೆ ಹಿಡಿದು ಎರಡು ನಾಯಿಗಳು ಹಿಂಬಾಲಿಸಿದವು. ಜನಕ್ಕೆ ಮಾತ್ರ ಅನುಮಾನ ಬರಲಿಲ್ಲ. ಸಂತ ಮಾರ್ಟಿನನ ದಿನ ಇಡೀ ಊರೇ ಹೆಬ್ಬಾತಿನ ವಾಸನೆ ಹೊಡೆಯುತ್ತದೆ.

ಪಬ್ಬು ಆಗಲೇ ತುಂಬಿತ್ತು. ಬಿಯರ್ ಬಗ್ಗಿಸುವ ವೆಂಡೆಲಿನ್ ಹಿನೆಕ್‌ನನ್ನು ಕಂಡು ತಲೆ ತೂಗಿ, ಒಂದು ಮಗ್ಗನ್ನು ತಣ್ಣೀರಿನಲ್ಲಿ ಜಾಲಿಸಿದ. ವೆಂಡೆಲಿನ್ ನಲ್ಲಿ ತಿರುಗಿಸುವುದನ್ನು ನೋಡಲೆಂದೇ ನಮ್ಮೂರಿಗೆ ಪಕ್ಕದೂರಿನವರು ಬರುತ್ತಾರೆ. ಮೊದಲು ನೊರೆ ಮಾತ್ರ ಬಿಡುತ್ತಾನೆ, ದಪ್ಪನೆಯದು, ಹಾಲಿನ ಕೆನೆಯಂಥದು. ಆಮೇಲೆ ನಲ್ಲಿಯ ಮೂತಿಯನ್ನು ನೊರೆಯೊಳಗೆ ಮುಳುಗಿಸಿ ಅದರ ಹೊಟ್ಟೆಯೊಳಕ್ಕೆ ಬಿಯರು ತುಂಬುತ್ತಾನೆ. ನೊರೆ ಒಂದು ಚೂರೂ ಒಡೆಯದೆ ಮೇಲೇರುತ್ತ ಹೋಗಿ ಅಂಚಿನಲ್ಲಿ ನಿಲ್ಲುತ್ತದೆ, ಕೆಳಗೆ ಬಂಗಾರ ಬೆಳಗುತ್ತದೆ. ದಿನವೂ ನೋಡಿದ್ದನ್ನೇ ನೋಡಿದರೂ ಆ ಗಳಿಗೆಗೆ ನಮ್ಮೂರಿನವರು ಮಾತು ನಿಲ್ಲಿಸುತ್ತಾರೆ.

ಹಿನೆಕ್ ನಿಂತು, ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮಗ್ಗು ತುಟಿಗೆ ಹಚ್ಚಿದ. ಒಂದು ಗುಟುಕು ಕುಡಿದು ಕೆಳಗಿಟ್ಟ.

ನೊರೆ ಬಿದ್ದುಹೋಯಿತು. ಅಂಚಿನಿಂದ ಒಂದು ತೂತು ಶುರುವಾಗಿ, ಉಸಿರು ಬಿಟ್ಟ ಹಾಗೆ ಸುಸ್ಸೆಂದು ಇಡೀ ಕೆನೆ ಕುಸಿಯಿತು. ಉಳಿದದ್ದು ಹಳದಿ ನೀರು. ಬಳೆಯ ಗುರುತೂ ಇರಲಿಲ್ಲ.

“ಏನಯ್ಯ ಇದು?” ಎಂದ ಒತಾಕರಜ್ಜ. ಹತ್ತಿರದ್ದು ಬಿಟ್ಟು ಬೇರೇನೂ ಕಾಣದ ಕಣ್ಣು ಅವನದು. ಮಗ್ಗನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. “ವೆಂಡೆಲಿನ್! ಇದೇನು ಬಿಯರೋ, ಕುದುರೆ ಕುಡಿದು ಬಿಟ್ಟ ನೀರೋ?”

ವೆಂಡೆಲಿನ್‌ನ ಮುಖ ಬಿಳಿಚಿತು. ಅವನಿಗೆ ಇಂಥ ಮಾತು ಹಿಂದೆಂದೂ ಯಾರೂ ಹೇಳಿರಲಿಲ್ಲ. ಬೇರೆ ಮಗ್ಗು ತೆಗೆದು ಬಗ್ಗಿಸಿಕೊಟ್ಟ. ಹಿನೆಕ್ ತುಟಿಗಿಟ್ಟ, ಅದರ ನೊರೆಯೂ ಬಿತ್ತು.

ಆಮೇಲೆ ಪಬ್ಬಿನಲ್ಲಿದ್ದವರೆಲ್ಲ ತಜ್ಞರಾದರು. ಕೊಳವೆ ತೊಳೆದಿಲ್ಲ ಅಂದ ಒಬ್ಬ. ನೆಲಮಾಳಿಗೆ ಬೆಚ್ಚಗಾಗಿದೆ ಅಂದ ಇನ್ನೊಬ್ಬ. ಕ್ವಿದೋ, ಇರುವೆ ಸಾಲಿನಂಥ ತನ್ನ ಮೀಸೆ ಸವರುತ್ತ, ಪೀಪಾಯಿಗೆ ಸಿಡಿಲು ಬಡಿದಿರಬಹುದು ಅಂದ. ಯಾರೋ ಓಡಿ ಹೋಗಿ ಬ್ರೂವರಿಯ ಯಜಮಾನ ರಾಡೊವಾನ್‌ನನ್ನು ಊಟದ ಮಧ್ಯದಿಂದ ಎಬ್ಬಿಸಿ ಕರೆತಂದರು. ಕತ್ತಿನಲ್ಲಿ ಕರವಸ್ತ್ರ ನೇತಾಡುತ್ತಿರುವಂತೆಯೇ ಅವನು ನೆಲಮಾಳಿಗೆಗೆ ಇಳಿದ, ಥರ್ಮಾಮೀಟರ್ ಅದ್ದಿದ, ಪೀಪಾಯಿಗೆ ಕಿವಿಯಿಟ್ಟ, ಮೇಲೆ ಬಂದು ಸತ್ತ ಬಿಯರನ್ನು ಬೆಳಕಿಗೆ ಹಿಡಿದ.

“ಬಿಯರಿಗೆ ಏನೂ ಆಗಿಲ್ಲ,” ಎಂದ. “ನೋಡ್ರಪ್ಪ, ನೊರೆ ಅಂದ್ರೆ ಬರೀ ಗಾಳಿ ಅಂದ್ಕೊಂಡ್ರಾ? ಕಣ್ಣಿಗೂ ಕಾಣದ ಯೀಸ್ಟು ಇದೆಯಲ್ಲ, ಅದು ಕತ್ತಲಲ್ಲಿ ಕೂತು ಬಿಟ್ಟ ಉಸಿರು ಅದು. ಬಾರ್ಲಿಯ ಸತ್ವ ಆ ಉಸಿರಿಗೆ ಒಂದು ತೆಳ್ಳನೆ ಚರ್ಮ ಹೊಲಿಯುತ್ತೆ. ಹಾಪ್ಸ್ ಹೂವಿನ ಕಹಿ ಬಂದು ಆ ಚರ್ಮಾನ ಗಟ್ಟಿ ಮಾಡುತ್ತೆ. ಒಂದು ಮಗ್ಗಲ್ಲಿ ಅಂಥ ಗುಳ್ಳೆ ಲಕ್ಷಾಂತರ. ಮೂವತ್ತು ವರ್ಷದಿಂದ ಮಾಡ್ತಾ ಇದೀನಿ, ಪ್ರತಿ ಸಲ ಮುಚ್ಚಳ ತೆಗೆದು ನೋಡಿದಾಗ್ಲೂ ನಂಗೆ ಮೈ ಜುಮ್ಮನ್ನುತ್ತೆ. ನಾನು ಮಾಡಿದ್ದಲ್ಲ ಇದು ಅನ್ಸುತ್ತೆ.”

ಒತಾಕರಜ್ಜ ಟೋಪಿ ತೆಗೆದ. ಇಷ್ಟು ವರ್ಷ ತಾನು ಕುಡಿದದ್ದು ಏನೆಂದು ಹಿನೆಕ್‌ಗೆ ಈಗ ತಿಳಿದಂತಿತ್ತು.

“ಅದನ್ನ ಕೊಲ್ಲೋದು ಒಂದೇ ವಸ್ತು,” ಎಂದ ರಾಡೊವಾನ್. “ಜಿಡ್ಡು. ಸೂಜಿ ಮೊನೆಯಷ್ಟು ಸಾಕು. ವೆಂಡೆಲಿನ್, ನಿನ್ ಅಡುಗೆಮನೇಲಿ ಇವತ್ತು ಏನು ಬೇಯ್ತಿದೆ?”

“ಹೆಬ್ಬಾತು,” ಎಂದ ವೆಂಡೆಲಿನ್. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಎಲ್ಲರೂ ಅಡುಗೆಮನೆಯತ್ತ ತಿರುಗಿದರು. ಹಿನೆಕ್ ಒಬ್ಬನೇ ತಿರುಗಲಿಲ್ಲ. ಅವನ ನಾಲಿಗೆ ಮೆಲ್ಲಗೆ ಹೊರಬಂದು ಮೇಲ್ದುಟಿ ಮುಟ್ಟಿ, ಉಪ್ಪು ಉಪ್ಪಾದ ರುಚಿ ಹಿಡಿದು ಒಳಗೆ ಹೋಯಿತು.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಮೀಸೆಗೆ ಹೆಬ್ಬಾತಿನ ಕೊಬ್ಬು ಬಳಿದುಕೊಂಡು ಬಿಯರಿನ ಮುಂದೆ ನಿಂತವನಿಗೆ ಮೇಜು ಎಲ್ಲಿಯದು? ಊರಲ್ಲಿ ಮುಖ ತೋರಿಸುವ ಹಾಗೂ ಇರುವುದಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತ ಅವನು ಹಿತ್ತಲಿಗೆ ಓಡಿ, ಪಾತ್ರೆ ತೊಳೆಯುವ ಸೋಪು ಹಚ್ಚಿ ಮೀಸೆಯನ್ನು ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಒಳಗೆ ಬಂದು, “ಇನ್ನೊಂದು ಸಲ ನೋಡೋಣ ವೆಂಡೆಲಿನಣ್ಣ, ಮನಸ್ಸಿಗೆ ಹಚ್ಕೋಬೇಡ,” ಎಂದ.

ಈ ಸಲ ನೊರೆ ಬೀಳಲೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ತುಟಿ ತಾಗಿದ್ದೇ ತಡ, ಮಾಯವಾಯಿತು.

ರಾಡೊವಾನ್ ಮೂಸಿ ನೋಡಿದ. “ಸೋಪು! ಜಿಡ್ಡು ತೆಗೆಯೋಕೆ ಹೋಗಿ ಸೋಪಿನ ಮಗ್ಗಲ್ಲಿ ಬಗ್ಗಿಸ್ತೀಯೇನೋ? ಇದು ಅದಕ್ಕಿಂತ ಕಡೆ!”

ವೆಂಡೆಲಿನ್ ಏಪ್ರನ್ ಬಿಚ್ಚಿ, ಮಡಚಿ, ಬಿಯರು ಬಗ್ಗಿಸುವ ಕಟ್ಟೆಯ ಮೇಲಿಟ್ಟ. ಅವನ ಅಪ್ಪ, ಅಜ್ಜ ನಿಂತ ಜಾಗ ಅದು.

“ಸಂಜೆಗೆ ಹೊಸ ಪೀಪಾಯಿ ತೆಗೀತೀನಿ,” ಎಂದ ಕೊನೆಗೆ. “ಪ್ರತಿ ಮಗ್ಗನ್ನೂ ನಾನೇ ತೊಳೀತೀನಿ. ಹಿನೆಕ್‌ನ ಕೈಲೇ ಕುಡಿಸ್ತೀನಿ. ಅದೂ ಬಿದ್ರೆ ನಾನು ನಲ್ಲಿ ಮುಟ್ಟೋದಿಲ್ಲ. ರೈಲ್ವೆ ಸ್ಟೇಷನ್ನಲ್ಲಿ ನಿಂಬೆ ಶರಬತ್ತು ಮಾರ್ಕೊಂಡು ಬದುಕ್ತೀನಿ.”

ಪಬ್ಬಿನಲ್ಲಿ ಒಬ್ಬಿಬ್ಬರು ಅತ್ತೇಬಿಟ್ಟರು. ವೆಂಡೆಲಿನ್ ಇಲ್ಲದ ‘ಜೋಡಿ ಕೊಕ್ಕರೆ’ಯನ್ನು ಯಾರಿಗೂ ಊಹಿಸಲಾಗಲಿಲ್ಲ.

ಹಿನೆಕ್ ಮನೆಗೆ ಬಂದವನೇ ಕನ್ನಡಿಯ ಮುಂದೆ ಕುಸಿದು ಕುಳಿತ. ಬಿಸಿನೀರಲ್ಲಿ ತೊಳೆದ. ಬೂದಿ ಹಾಕಿ ತಿಕ್ಕಿದ. ಮೂಸಿದರೆ ಸೋಪು, ಸೋಪಿನ ಕೆಳಗೆ ಹೆಬ್ಬಾತು. ತನ್ನೊಬ್ಬನ ಕುರ್ಚಿಯ ವಿಷಯವಾಗಿದ್ದರೆ ಇನ್ನೊಂದು ಹಬ್ಬಕ್ಕೆ ಕಾಯಬಹುದಿತ್ತು. ಆದರೆ ವೆಂಡೆಲಿನ್ ನಿಂಬೆ ಶರಬತ್ತಿನ ಗಾಡಿ ತಳ್ಳುವುದು ಕಣ್ಣ ಮುಂದೆ ಬಂತು. ಹಿನೆಕ್ ಕಣ್ಣು ಮುಚ್ಚಿ, ಮನಸ್ಸು ಗಟ್ಟಿ ಮಾಡಿ, ರೇಜರ್ ಎತ್ತಿಕೊಂಡ.

ಮೀಸೆ ಇಲ್ಲದ ಅವನ ಮುಖ ಸುಲಿದ ಆಲೂಗೆಡ್ಡೆಯ ಹಾಗಿತ್ತು. ಬರೀ ನೀರಲ್ಲಿ ತುಟಿಯನ್ನು ತೊಳೆದು ತೊಳೆದು, ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಹೊರಟ.

ಸಂಜೆ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಪೀಪಾಯಿ ಬಂದಿತ್ತು. ವೆಂಡೆಲಿನ್ ಏಪ್ರನ್ ಇಲ್ಲದೆ, ಅಂಗಿಯ ತೋಳು ಮಡಚಿ ನಿಂತು, ಮಗ್ಗನ್ನು ಮೂರು ನೀರಿನಲ್ಲಿ ತೊಳೆದ. ಮಗ್ಗು ತುಂಬಿತು. ಹಿನೆಕ್ ಮಫ್ಲರ್ ಇಳಿಸಿದ. ಯಾರೂ ಅವನ ಮುಖ ನೋಡಲಿಲ್ಲ. ಮುಂದೆ ಬಿಯರು ಇರುವಾಗ ನಮ್ಮೂರಿನಲ್ಲಿ ಮನುಷ್ಯರ ಮುಖ ನೋಡುವ ಅಭ್ಯಾಸವಿಲ್ಲ, ಮೇಲಾಗಿ ಮಗ್ಗು ಅವನ ಮುಖಕ್ಕಿಂತ ಅಗಲವಾಗಿತ್ತು.

ಮೊದಲ ಗುಟುಕು. ನೊರೆ ನಿಂತಿತ್ತು. ಎರಡನೆಯದು. ಬಿಳಿಯ ಕೆನೆ ಒಂದೇ ತೂಕದಲ್ಲಿ ಕೆಳಗಿಳಿಯಿತು, ಗಾಜಿನ ಮೇಲೆ ಒಂದು ಬಳೆ ಉಳಿಯಿತು. ಇನ್ನೊಂದು ಗುಟುಕು, ಇನ್ನೊಂದು ಬಳೆ. ಹಿನೆಕ್ ತಾನು ಏಕೆ ಕುಡಿಯುತ್ತಿದ್ದೇನೆಂಬುದನ್ನೇ ಮರೆತ. ಕಹಿ ನಾಲಿಗೆಯ ಬುಡಕ್ಕೆ ಬಂದು ನಿಂತು, ಅದರ ಹಿಂದೆ ರೊಟ್ಟಿಯ ಅಂಚಿನಂಥ ಸಿಹಿ ಬಂತು. ಎಲ್ಲೋ ಹೊಲದಲ್ಲಿ ಒಣಗಿದ ಕಾಳು, ಕಂಬ ಹತ್ತಿದ ಬಳ್ಳಿಯ ಹೂವು, ಬಾವಿಯ ನೀರು, ಕಣ್ಣಿಗೆ ಕಾಣದ ಒಂದು ಜೀವ. ಇಷ್ಟೆಲ್ಲ ಸೇರಿ, ಅಂಚೆ ಕಚೇರಿಯ ಗುಮಾಸ್ತನೊಬ್ಬನ ಗಂಟಲಿಗಾಗಿ ತಿಂಗಳುಗಟ್ಟಲೆ ಕತ್ತಲಲ್ಲಿ ಕಾದಿದ್ದವಲ್ಲ ಎನಿಸಿ ಅವನ ಕಣ್ಣು ತೇವವಾಯಿತು.

ಖಾಲಿ ಮಗ್ಗನ್ನು ಮೇಜಿನ ಮೇಲಿಟ್ಟಾಗ ತಳದಿಂದ ಅಂಚಿನವರೆಗೆ ಬಳೆಗಳು ಮದುಮಗಳ ಕೈಯಲ್ಲಿದ್ದಂತೆ ಇದ್ದವು. ರಾಡೊವಾನ್, “ನೋಡಿ, ನೋಡಿ,” ಎಂದು ಪಿಸುಗುಟ್ಟಿದ. ವೆಂಡೆಲಿನ್ ಮುಖ ಆಚೆ ತಿರುಗಿಸಿ ಮೂಗೊರೆಸಿಕೊಂಡು, ಏಪ್ರನ್ ಎತ್ತಿ ಸೊಂಟಕ್ಕೆ ಕಟ್ಟಿದ. ಜನ ಮೇಜು ಗುದ್ದಿ ಕೂಗಿದರು.

“ಬಳೆ ಅಂದ್ರೆ ಇವು!” ಎಂದ ಒತಾಕರಜ್ಜ ಮಗ್ಗನ್ನು ಮೂಗಿಗೆ ತಾಗಿಸಿಕೊಂಡು. “ಇಂಥವು ನಾನು ಕಂಡೇ ಇಲ್ಲ ಕಣಯ್ಯ. ಬಾ ಮಗ, ಬಾ.” ಎದ್ದು ನಿಂತು, ತಡಕುತ್ತ ಹೆಬ್ಬೆರಳನ್ನು ಹಿನೆಕ್‌ನ ಮೂಗಿನ ಕೆಳಗೆ ತಂದ. ಹೆಬ್ಬೆರಳು ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಯಿತು.

“ಎಲ್ಲಯ್ಯಾ?”

“ಏನು ಅಜ್ಜ?” ಎಂದ ಹಿನೆಕ್, ಗೊತ್ತಿದ್ದೂ.

“ಮೀಸೆ! ಏನನ್ನ ಒರೆಸಲಿ ನಾನು? ಕೆನ್ನೇನಾ?”

ಆಗ ಎಲ್ಲರೂ ಅವನ ಮುಖ ನೋಡಿದರು. ಹಿನೆಕ್ ಮಗ್ಗು ತೋರಿಸಿದ, ಬಳೆ ತೋರಿಸಿದ, ತುಟಿಯ ಮೇಲಿದ್ದ ಚೂರು ನೊರೆಯನ್ನೂ ತೋರಿಸಿದ. ಒತಾಕರಜ್ಜ ಬೇಸರದಿಂದಲೇ ತಲೆಯಾಡಿಸಿದ.

“ತಲೆಕೆಳಗಾಗಿ ನಿಂತ್ರೂ ಆಗಲ್ಲ ಮಗ. ನಮ್ಮಪ್ಪನ ಕಾಲದಿಂದ ಮೀಸೆ ಮೇಲಿನ ನೊರೇನೇ ಒರೆಸಿರೋದು. ಬೆಳೆಸ್ಕೊಂಡು ಬಾ, ಮುಂದೆ ಯಾರಾದ್ರೂ ಸತ್ತಾಗ ನೋಡೋಣ. ಕುರ್ಚಿ ಹಬ್ಬದ ದಿನ ಖಾಲಿ ಇರಬಾರದು. ಸರದೀಲಿ ಮುಂದೆ ಯಾರು?”

ಕ್ವಿದೋ ಆಗಲೇ ಎದ್ದು ನಿಂತಿದ್ದ. ಕುಡಿದ, ಬಳೆಗಳು ನಿಂತವು. ಇರುವೆ ಸಾಲಿನಂಥ ಆ ಮೀಸೆಯಲ್ಲಿ ನೊರೆ ಹುಡುಕಿ ಒರೆಸಲು ಹೆಬ್ಬೆರಳಿಗೆ ಸ್ವಲ್ಪ ಕಷ್ಟವಾಯಿತು, ಆದರೆ ಸಿಕ್ಕಿತು. ಜಿಕ್‌ಮುಂಡ್‌ನ ಕೊಕ್ಕೆಗೆ ಕ್ವಿದೋನ ಮಗ್ಗು ಏರಿತು.

ಹಿನೆಕ್ ಬಾಗಿಲ ಬಳಿಯ ಹಳೆಯ ಸ್ಟೂಲಿನ ಮೇಲೆ ಕೂತು ತನ್ನ ಖಾಲಿ ಮಗ್ಗನ್ನೇ ನೋಡುತ್ತಿದ್ದ. ಬಳೆಗಳು ಇನ್ನೂ ಒಣಗಿರಲಿಲ್ಲ. ಹೋಗಲಿ, ವೆಂಡೆಲಿನ್ ಅಂತೂ ಉಳಿದ ಎಂದು ಸಮಾಧಾನ ಮಾಡಿಕೊಂಡ. ಕಟ್ಟೆಯ ಹಿಂದಿನಿಂದ ವೆಂಡೆಲಿನ್ ಅವನತ್ತ ನೋಡಿ ನಕ್ಕು, ಅವನಿಗೆಂದೇ ಇನ್ನೊಂದು ಮಗ್ಗು ತುಂಬಿಸಲು ಶುರುಮಾಡಿದ್ದ.

ಅಷ್ಟರಲ್ಲಿ ಬ್ಲಾಜೆನಾ ಬಂದು ಪಕ್ಕದಲ್ಲಿ ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ತನಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದಳು:

“ಬೇಜಾರ್ ಮಾಡ್ಕೋಬೇಡಿ ಹಿನೆಕ್. ಮೀಸೆ ಬೇಗ ಬರಬೇಕು ಅಂದ್ರೆ, ಬೆಳಿಗ್ಗೆ ಹಚ್ಕೊಂಡು ಬಂದ್ರಲ್ಲ, ಅದೇ ಹೆಬ್ಬಾತಿನ ಕೊಬ್ಬು ದಿನಾ ಹಚ್ಚಿ.”

ಒಲೆ ಪಕ್ಕದ ಮೇಜಿನವರೆಲ್ಲ ತಿರುಗಿದರು. ರಾಡೊವಾನ್ ಮಗ್ಗನ್ನು ಕೆಳಗಿಟ್ಟ. ವೆಂಡೆಲಿನ್ ನಲ್ಲಿ ನಿಲ್ಲಿಸಿ, ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ನಿಧಾನವಾಗಿ ಮಡಚಿ ಕಟ್ಟೆಯ ಮೇಲಿಟ್ಟು ಈಚೆಗೆ ಬಂದ.

“ಬೆಳಿಗ್ಗೆ ಏನು ಹಚ್ಕೊಂಡು ಬಂದಿದ್ದ ಅಂದ್ರಿ ಅಕ್ಕಾ?” ಎಂದ.

ಹಿನೆಕ್ ಮಫ್ಲರನ್ನು ಮತ್ತೆ ಮೂಗಿನವರೆಗೆ ಎಳೆದುಕೊಂಡ.