ಆಗ ಏನಾಯಿತೆಂದರೆ

ಮನೆಗೆ ಬೆಂಕಿ ಬಿದ್ದರೂ ನಮ್ಮ ಮಾವನವರಿಗೆ ಅವಸರವಿಲ್ಲ. ಬೆಂಕಿ ಬಿತ್ತು ಎಂದು ಅವರು ಮೊದಲು ಹೇಳುವುದೇ ಇಲ್ಲ. ಬೆಂಕಿಪೊಟ್ಟಣವನ್ನು ಯಾವ ಅಂಗಡಿಯಿಂದ ತಂದದ್ದು, ಅಂಗಡಿಯವನು ಅಂದು ಯಾಕೆ ಸಿಡಿಮಿಡಿಗೊಂಡಿದ್ದ ಎಂಬಲ್ಲಿಂದ ಶುರು ಮಾಡುತ್ತಾರೆ. ಹಾಗಿದ್ದೂ ನಮ್ಮ ಮನೆಗೆ ಎರಡು ಸಲ ಅಗ್ನಿಶಾಮಕ ದಳದ ಗಾಡಿ ಬಂದಿದೆ. ಎರಡು ಸಲವೂ ಬೆಂಕಿ ಇರಲಿಲ್ಲ! ಮೊದಲನೆಯದಕ್ಕೆ ಕಾರಣ ಅವರು. ಎರಡನೆಯದಕ್ಕೆ ಯಾರು ಎಂಬುದನ್ನು ಆಮೇಲೆ ಹೇಳುತ್ತೇನೆ. ನೋಡಿ, ಅವರ ಜೊತೆ ಆರು ವರ್ಷ ಇದ್ದು ನನಗೂ ಕಥೆ ಎಳೆಯುವ ಚಟ ಹತ್ತಿದೆ.

ಮಾವನವರು ವಿಜಯಪುರದ ಕಡೆಯ ಕೋರ್ಟೊಂದರಲ್ಲಿ ಗುಮಾಸ್ತರಾಗಿದ್ದವರು. ಸಾಕ್ಷಿಗಳು ಹೇಳಿದ್ದನ್ನು ಬಿಡದೆ ಬರೆದುಕೊಳ್ಳುವುದು ಅವರ ಕೆಲಸ. ಸಾಕ್ಷಿ ಒಂದು ಸಣ್ಣ ಸಂಗತಿ ನುಂಗಿದರೆ ಇಡೀ ಕೇಸೇ ಬಿದ್ದುಹೋಗುವುದನ್ನು ಕಣ್ಣಾರೆ ಕಂಡವರು. ಅತ್ತೆಯವರು ತೀರಿಕೊಂಡ ಮೇಲೆ ಪುಣೆಗೆ, ಹಡಪಸರದ ನಮ್ಮ ಮೂರನೆಯ ಮಹಡಿಯ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಎರಡು ಕೊಡೆ, ಮತ್ತು ಪೂರ್ವಾಪರ ತಂದರು. ಈ ಪೂರ್ವಾಪರ ಎಂಬ ಶಬ್ದ ಅವರಿಗೆ ಊಟಕ್ಕಿಂತ ಹೆಚ್ಚು. ಪೂರ್ವಾಪರ ಹೇಳದೆ ಅವರು ಸೀನುವುದೂ ಇಲ್ಲ.

ಹಲ್ಲುನೋವೆಂದು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಾವ ಹಲ್ಲು ಎಂದು ಡಾಕ್ಟರು ಕೇಳಿದ್ದಷ್ಟೇ. ಮಾವನವರು ತಮ್ಮ ಅಣ್ಣನ ಮಗನ ಮದುವೆಯ ಲಾಡುವಿನಿಂದ ಆರಂಭಿಸಿದರು. ಲಾಡು ಗಟ್ಟಿಯಾಗಿತ್ತಂತೆ. ಯಾಕೆ ಗಟ್ಟಿಯಾಗಿತ್ತೆಂದರೆ ಅಡುಗೆಯವನು ಬದಲಾಗಿದ್ದನಂತೆ. ಅವನು ಯಾಕೆ ಬದಲಾದನೆಂದರೆ, ಬೀಗರ ಕಡೆ ಒಂದು ಜಗಳವಂತೆ. ಬಾಯಿ ತೆರೆದು ಸುಮ್ಮನಿರಬೇಕಾದ ಕುರ್ಚಿಯಲ್ಲಿ ಕೂತು ಇಷ್ಟು ಮಾತಾಡಿದ ಮನುಷ್ಯನನ್ನು ಆ ಡಾಕ್ಟರು ಕಂಡಿರಲಿಕ್ಕಿಲ್ಲ. ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಸ್ವಲ್ಪ ಚುಟುಕಾಗಿ ಹೇಳಬಾರದೇ ಮಾವ, ಅಂದೆ.

“ಚುಟುಕ ಹೇಳಿದ್ರ ಅರ್ಧಾ ಸುಳ್ಳ ಹೇಳಿಧಂಗ ಆಗ್ತದ, ಯವ್ವಾ,” ಅಂದರು.

ಇಂಥವರ ಕೈಗೆ ಸರ್ಕಾರ ಒಂದು ಮೂರಂಕಿಯ ನಂಬರು ಕೊಟ್ಟಿದೆ! ಪೊಲೀಸು, ಆಂಬುಲೆನ್ಸು, ಬೆಂಕಿ, ಎಲ್ಲಕ್ಕೂ ಅದೊಂದೇ. ಆ ನಂಬರಿನ ಸುದ್ದಿ ಟಿವಿಯಲ್ಲಿ ನೋಡಿದ ದಿನ ಮಾವನವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಫೋನು ಎತ್ತಿದ ಕೂಡಲೇ ಆ ಕಡೆಯವರು ಕೇಳುವ ಮೊದಲ ಪ್ರಶ್ನೆಯೇ ಏನಾಯಿತು ಎಂದು. ಏನಾಯಿತು ಎಂದು ಮಾವನವರನ್ನು ತಾವಾಗಿ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ನನ್ನ ಗಂಡ ಬೆಳಿಗ್ಗೆ ಎಂಟಕ್ಕೇ ವಾಕಡದ ಆಫೀಸಿಗೆ ಪರಾರಿ. ಮನೆಯಿಂದಲೇ ಕೆಲಸ ಮಾಡುವ ಹಣೆಬರಹ ನನ್ನದು.

ಮೊದಲನೆಯ ಸಲ ಅವರು ಆ ನಂಬರಿಗೆ ಫೋನು ಮಾಡಿದ್ದು ಹಿಟ್ಟಿನ ಗಿರಣಿಯ ಮುಂದೆ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದನ್ನು ಕಂಡು. ಒಳ್ಳೆಯ ಕೆಲಸವೇ. ಆದರೆ ಹೇಳಿದ್ದು ಹೇಗೆ? ತಾವು ಸೊಪ್ಪು ತರಲು ಹೊರಟದ್ದು, ಸೊಪ್ಪು ಬಾಡಿದ್ದು, ಬೇಡವೆಂದು ತಿರುಗಿದ್ದು, ಆಗ ಚಪ್ಪಲಿಯ ಉಂಗುಟ ಕಿತ್ತದ್ದು, ಆಗ ಬಗ್ಗಿದ್ದು, ಬಗ್ಗಿದ್ದರಿಂದಲೇ ಈ ಮನುಷ್ಯ ಕಣ್ಣಿಗೆ ಬಿದ್ದದ್ದು. ಆ ಕಡೆಯ ಹುಡುಗಿ ಕಾಕಾ, ಜಾಗ ಯಾವುದು ಹೇಳಿ ಎಂದು ಗೋಗರೆಯುತ್ತಿದ್ದಳಂತೆ. ಕಥೆ ಚಪ್ಪಲಿಗೆ ಬರುವಷ್ಟರಲ್ಲಿ ಬಿದ್ದ ಮನುಷ್ಯ ಎದ್ದು ಕೂತ. ಜಾಗದ ಹೆಸರು ಬರುವ ಹೊತ್ತಿಗೆ ಮೈಯ ಧೂಳು ಕೊಡವಿಕೊಂಡು ಮಾವನವರ ಪಕ್ಕಕ್ಕೇ ಬಂದು ನಿಂತು ಕೇಳತೊಡಗಿದ್ದ. ತನಗೇನಾಗಿತ್ತು ಎಂಬ ಕುತೂಹಲ ಅವನಿಗೂ ಇರಬೇಕಲ್ಲ!

ಅವರ ಎರಡನೆಯ ಫೋನು ಲಿಫ್ಟಿನ ಪ್ರಕರಣ. ಇದನ್ನು ಹೇಳುವ ಮೊದಲು ಮಾವನವರ ಮರಾಠಿಯ ಬಗ್ಗೆ ಒಂದು ಮಾತು. ಅವರ ಮರಾಠಿಯಲ್ಲಿ ನಾಮಪದ, ಕ್ರಿಯಾಪದಗಳೆಲ್ಲ ಅಪ್ಪಟ ಮರಾಠಿ. ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಬಾಯಿಗೆ ಕನ್ನಡವೇ ಬರುತ್ತದೆ. ಅದರಲ್ಲೂ ‘ಆಗ’. ಕೋರ್ಟಿನ ಹೇಳಿಕೆಗಳಲ್ಲಿ ಆಗ, ಆಗ ಎಂದು ಬರೆದು ಬರೆದು ನಾಲಿಗೆಗೆ ಅಂಟಿಕೊಂಡ ಶಬ್ದ. ಅವಸರದಲ್ಲಿ ಕೊನೆಯ ಅಕಾರ ನುಂಗಿದರೆ ಅದು ‘ಆಗ್’ ಎಂದು ಕೇಳಿಸುತ್ತದೆ. ಮರಾಠಿಯಲ್ಲಿ ಆಗ್ ಎಂದರೇನು ಗೊತ್ತಲ್ಲ? ಬೆಂಕಿ!

ಕರೆಂಟು ಹೋಗಿ ಎರಡನೆಯ ಮಹಡಿಯ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ನಾನು ವಾಚ್‌ಮನ್ನನ್ನು ಹುಡುಕಲು ಓಡಿದೆ. ಮಾವನವರು ಫೋನು ಎತ್ತಿಕೊಂಡರು.

“ಮೀ ಜಿನ್ಯಾವರ ಹೋತೋ,” ಅಂದರೆ ನಾನು ಮೆಟ್ಟಿಲ ಮೇಲಿದ್ದೆ ಎಂದು ಶುರುವಾಯಿತು. “ಆಗ ಲೈಟ್ ಗೇಲೀ. ಆಗ ಲಿಫ್ಟ್ ಥಾಂಬಲೀ. ಆಗ ಆಜೀ ಓರಡಲ್ಯಾ…”

ಲೈಟು ಹೋಯಿತು, ಲಿಫ್ಟು ನಿಂತಿತು, ಅಜ್ಜಿ ಕೂಗಿದರು. ಮಾವನವರ ಲೆಕ್ಕಕ್ಕೆ ಅಚ್ಚುಕಟ್ಟಾದ ಹೇಳಿಕೆ. ಆ ಕಡೆಯವಳ ಕಿವಿಗೆ ಬಿದ್ದದ್ದು ಬೆಂಕಿ, ಬೆಂಕಿ, ಬೆಂಕಿ, ನಡುವೆ ಕೂಗುವ ಒಬ್ಬ ಅಜ್ಜಿ. ಆಗ್ ಲಾಗಲೀ ಕಾ, ಬೆಂಕಿ ಬಿದ್ದಿದೆಯೇ ಎಂದು ಅವಳು ಗಾಬರಿಯಿಂದ ಕೇಳಿದಳಂತೆ. ಯಾವಾಗ ಎಂದು ಕೇಳುತ್ತಿದ್ದಾಳೆ ಎಂದುಕೊಂಡ ನಮ್ಮವರು, ಆಗಲೇ, ಆಗಲೇ ಎಂದು ಒತ್ತಿ ಹೇಳಿ, ಈ ಸಲ ಬುದ್ಧಿ ಬಂದು ವಿಳಾಸವನ್ನೂ ಕೊಟ್ಟರು.

ಕರೆಂಟು ಬಂದು, ಅಜ್ಜಿ ಹೊರಬಂದು, ಟೀ ಕುಡಿದು ಮುಗಿಸುವ ಹೊತ್ತಿಗೆ ಗಂಟೆ ಬಾರಿಸುತ್ತ ಕೆಂಪು ಗಾಡಿ ಬಂತು. ಬಂತು ಎಂದರೆ ಸುಮ್ಮನೆ ಬರಲಿಲ್ಲ. ನಮ್ಮ ಗಲ್ಲಿಯ ಬಾಯಲ್ಲಿ ತೂರಲಾಗದೆ ಸಿಕ್ಕಿಕೊಂಡು, ಹಿಂದೆ ಸರಿದು, ಗಿರಣಿಯ ಕಡೆಯಿಂದ ಸುತ್ತಿ ಬಂದು, ಹನ್ನೆರಡು ಸ್ಕೂಟರು ಸರಿಸಿ ಒಳಗೆ ನುಗ್ಗಿತು. ಪೈಪು ಹಿಡಿದು ಇಳಿದವರು ಬೆಂಕಿ ಎಲ್ಲಿ ಎಂದರು. ಮಾವನವರು ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. ಮೀ ಜಿನ್ಯಾವರ ಹೋತೋ!

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಣ್ಯಕ್ಕೆ ಆ ತಂಡದಲ್ಲಿ ಸೊಲ್ಲಾಪುರದ ಕಡೆಯವನೊಬ್ಬನಿದ್ದ. ಮನೆಯಲ್ಲಿ ಕನ್ನಡ ಆಡುವವನು. ಎರಡು ‘ಆಗ’ ಕೇಳಿದ್ದೇ ತಡ, ಅವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನು ಬಿಡಿಸಿ ಹೇಳಿದ ಮೇಲೆ ಅವನ ಸಾಹೇಬರಿಗೂ ನಗು ಬಂತು. ಬಂದರೂ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ವಹಿನಿ, ಅಂದರೆ ಅತ್ತಿಗೆ, ಕಾಕಾ ಅವರ ಫೋನು ಎಲ್ಲಾದರೂ ಬಚ್ಚಿಡಿ ಎಂದು ಕೈಮುಗಿದರು. ಒಂದು ವಾರ ನಾನು ಅಕ್ಕಪಕ್ಕದವರಿಗೆ ಮುಖ ತೋರಿಸಲಿಲ್ಲ.

ಅಂದು ಸಂಜೆ ಒಂದು ಕಾಗದ ಬರೆದು, ಮಾವನವರು ಫೋನು ಇಡುವ ಕಡೆಯ ಗೋಡೆಗೆ ಅಂಟಿಸಿದೆ. ಮೊದಲು ವಿಳಾಸ ಹೇಳುವುದು, ಆಮೇಲೆ ಏನಾಗಿದೆ ಎಂದು ಒಂದೇ ಮಾತಿನಲ್ಲಿ ಹೇಳುವುದು, ಬಾಯಿ ಮುಚ್ಚುವುದು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಆಗ’ ಅನ್ನಕೂಡದು. ಮರುದಿನ ನೋಡಿದರೆ ಅದೇ ಕಾಗದದಲ್ಲಿ ಕೆಂಪು ಶಾಯಿಯ ತಿದ್ದುಪಡಿ! ದಿನ, ವೇಳೆ, ಸಾಕ್ಷಿಗಳ ಹೆಸರು ಎಂದು ಸೇರಿಸಿ, ಬರೆದವರ ಸಹಿ ಇಲ್ಲವೆಂದು ಆಕ್ಷೇಪಣೆ ಬೇರೆ. ಸಹಿ ಮಾಡಿದೆ. ಮಾಡದೆ ಇರಲು ನನಗೇನು ಹುಚ್ಚೇ? ಮಾಡದಿದ್ದರೆ ಯಾಕೆ ಮಾಡಬೇಕು ಎಂಬುದರ ಪೂರ್ವಾಪರ ಕೇಳಬೇಕಾಗುತ್ತಿತ್ತು.

‘ಆಗ’ ಎಂಬುದರ ಬದಲಿಗೆ ಮರಾಠಿಯವರ ಹಾಗೆ ‘ಮಗ’ ಅನ್ನಿ ಎಂದು ಕಲಿಸಲು ಹೋದೆ. ಆಮೇಲೆ ಅನ್ನುವುದಕ್ಕೆ ಮರಾಠಿಯಲ್ಲಿ ಹಾಗೇ ಅನ್ನುತ್ತಾರೆ.

“ಲಿಫ್ಟ್ ನಿಂತದ್ದಕ್ಕ ನನ್ನ ಮಗನ್ನ ಯಾಕ ನಡಬರಕ ತರಲಿ?” ಅಂದರು. “ಅಂವಾ ಆಫೀಸಿನ್ಯಾಗ ಇದ್ದ.”

ಕೊನೆಗೆ ನನ್ನನ್ನು ಕೇಳದೆ ಆ ನಂಬರು ಒತ್ತುವಂತಿಲ್ಲ ಎಂದು ಫರ್ಮಾನು ಹೊರಡಿಸಿದೆ. ಒಪ್ಪಿದರು. ಒಪ್ಪಿದ್ದರ ಫಲ ನಾನು ಉಣ್ಣಬೇಕಾಯಿತು. ಸರ್ಕಾರದ ಪಾಲಿಗೆ ಹೋಗುತ್ತಿದ್ದ ಕಥೆಗಳೆಲ್ಲ ನನ್ನ ಪಾಲಿಗೆ ಬಂದವು. ನಾನು ಒಂದು ಕಿವಿಯಲ್ಲಿ ಆಫೀಸಿನ ಮೀಟಿಂಗು ಇಟ್ಟುಕೊಂಡು, ಇನ್ನೊಂದರಲ್ಲಿ ಮಾವನವರನ್ನು ಇಟ್ಟುಕೊಂಡು, ಇಬ್ಬರಿಗೂ ಹೂಂ ಅನ್ನುತ್ತಿದ್ದೆ. ಒಮ್ಮೆ ನಮ್ಮ ಮ್ಯಾನೇಜರಿಗೆ ಹೌದು ಮಾವ ಅಂದದ್ದೂ ಉಂಟು.

ಅವರ ಕಥೆಗಳಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿದ್ದುದು ಜೇಜುರಿಯದು. ಮದುವೆಯಾದ ಹೊಸತರಲ್ಲಿ ಅತ್ತೆಯವರನ್ನು ಕರೆದುಕೊಂಡು ಮನೆದೇವರಾದ ಖಂಡೋಬನಿಗೆ ಹೋದದ್ದು. ಅಲ್ಲಿ ಮದುಮಗ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಹತ್ತಬೇಕು, ಅದು ಪದ್ಧತಿ. ಕಥೆ ವಿಜಯಪುರದ ಬಸ್ ಸ್ಟ್ಯಾಂಡಿನಿಂದ ಹೊರಟು, ದಾರಿಯಲ್ಲಿ ಎರಡು ಕಡೆ ಚಹಾಕ್ಕೆ ನಿಂತು, ಒಬ್ಬ ಕಂಡಕ್ಟರನ ಸಂಸಾರದ ಕಷ್ಟ ಕೇಳಿಕೊಂಡು ಜೇಜುರಿಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನನಗೆ ಯಾವುದಾದರೂ ಫೋನು ಬರುತ್ತಿತ್ತು, ಇಲ್ಲವೇ ಕುಕ್ಕರು ಕೂಗುತ್ತಿತ್ತು. ಎಷ್ಟೋ ಸಲ ನಾನೇ ಬೇಕೆಂದು ಎದ್ದುಹೋದದ್ದೂ ಇದೆ. ಆರು ವರ್ಷದಲ್ಲಿ ಆ ಕಥೆಯ ಕೊನೆ ನಾನು ಕೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರು. ಮಾವನವರು ಸೋಫಾದ ಮೇಲೆ ಪೇಪರು ಹರವಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಲ್ಯಾಪ್‌ಟಾಪಿನ ಮುಂದಿದ್ದೆ. ಜೇಜುರಿ ನಡೆಯುತ್ತಿತ್ತು.

“ನಿಮ್ಮತ್ತೀನ್ನ ಎತ್ತಿಕೊಂಡೆ. ಒಂದು ಮೆಟ್ಟಲಾತು, ಎರಡಾತು. ಮೂರನೇದರ ಮ್ಯಾಲ ಕಾಲಿಟ್ಟೆ ನೋಡು, ಆಗ…”

ಅಷ್ಟಕ್ಕೇ ನಿಂತಿತು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಕೆಲವು ಕ್ಷಣ ಆ ಮೌನವನ್ನು ಅನುಭವಿಸುತ್ತ ಟೈಪು ಮಾಡಿದೆ. ಆಮೇಲೆ ಹೊಳೆಯಿತು, ಮಾವನವರು ‘ಆಗ’ ಅಂದ ಮೇಲೆ ಯಾವತ್ತೂ ನಿಂತವರಲ್ಲ. ತಿರುಗಿ ನೋಡಿದೆ. ಬಲಗೈಯಿಂದ ಸೊಪ್ಪು ಜಾರಿ ಬಿದ್ದಿತ್ತು. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಏನೋ ಹೇಳಬೇಕೆಂದು ತುಟಿ ಅಲುಗುತ್ತಿತ್ತು, ಹೇಳಲಾಗುತ್ತಿರಲಿಲ್ಲ.

ಆ ಮೂರಂಕಿ ಒತ್ತಿದೆ. ಕಣ್ಣೆದುರಿಗೇ ನನ್ನ ಕಾಗದ, ನನ್ನದೇ ಸಹಿ. ಆ ಕಡೆಯಿಂದ ಏನಾಯಿತು ಎಂದು ಕೇಳಿದರು. ವಿಳಾಸ ಹೇಳಿದೆ, ಅಷ್ಟು ನೆನಪಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು ಇದು.

“ತೇ ಮೇಥೀ ನಿವಡತ ಹೋತೇ. ಜೇಜುರಿಚೀ ಗೋಷ್ಟ ಸಾಂಗತ ಹೋತೇ. ಆಗ… ಆಗ…”

ಅವರು ಮೆಂತ್ಯ ಬಿಡಿಸುತ್ತಿದ್ದರು, ಜೇಜುರಿಯ ಕಥೆ ಹೇಳುತ್ತಿದ್ದರು ಎಂದೆಲ್ಲ ಹೇಳುತ್ತಿದ್ದೇನೆ! ಒಂದೇ ಮಾತಿನಲ್ಲಿ ಹೇಳಬೇಕಾದದ್ದು ಬಾಯಿಗೆ ಬರುತ್ತಲೇ ಇಲ್ಲ. ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅವರು ಯಾರೋ ಒಬ್ಬ ಮುದುಕರಾಗಿಬಿಡುತ್ತಿದ್ದರು. ಇವರು ಯಾರು, ಎಂಥವರು ಎಂಬುದನ್ನು ಆ ಹುಡುಗಿಗೆ ಹೇಳದಿದ್ದರೆ ಅವಳು ಬೇಗ ಕಳಿಸುವಳೇ? ಮಾವನವರಿಗೂ ಹೀಗೆಯೇ ಅನ್ನಿಸುತ್ತಿತ್ತೋ ಏನೋ. ನಾನು ಅಳುವುದನ್ನು ಕೇಳಿ ಅವಳು, ಪಾಪ, ಆಂಬುಲೆನ್ಸನ್ನೂ ಕಳಿಸಿದಳು, ಕೆಂಪು ಗಾಡಿಯನ್ನೂ ಕಳಿಸಿದಳು.

ಮೊದಲು ಬಂದದ್ದು ಕೆಂಪು ಗಾಡಿ. ಈ ಸಲ ಅದು ಗಲ್ಲಿಯ ಬಾಯಲ್ಲಿ ಸಿಕ್ಕಿಕೊಳ್ಳಲಿಲ್ಲ, ನೇರ ಗಿರಣಿಯ ಕಡೆಯಿಂದ ಬಂತು. ಮೇಲೆ ಓಡಿಬಂದವನು ಅದೇ ಸೊಲ್ಲಾಪುರದವನು. ಕೈಯಲ್ಲಿ ಪೈಪು ಇರಲಿಲ್ಲ.

“ಹೆಣ್ಣಮಗಳೊಬ್ಬಾಕಿ ಆಗ ಆಗ ಅಂತ ಅಳಾಕ ಹತ್ಯಾಳ ಅಂದ್ರು,” ಅಂದ. “ಬೆಂಕಿ ಅಲ್ಲ, ನಮ್ಮ ಕಾಕಾರ ಮನಿ ಅಂತ ನನಗ ತಿಳೀತ್ರಿ. ಆಂಬುಲೆನ್ಸಿಗೂ ಗಿರಣಿ ಕಡೆಯಿಂದನ ಬಾ ಅಂತ ಹೇಳೇನಿ. ಬರ್ರಿ, ಹಿಡೀರಿ.”

ನಮ್ಮ ಲಿಫ್ಟಿನಲ್ಲಿ ಮಲಗಿದವರನ್ನು ಒಯ್ಯಲು ಜಾಗವಿಲ್ಲ. ಅವನೂ ಅವನ ಜೊತೆಯವರೂ ಮಾವನವರನ್ನು ಕುರ್ಚಿಯಲ್ಲಿ ಕೂಡಿಸಿ, ಎತ್ತಿಕೊಂಡು, ಮೂರು ಮಹಡಿಯ ಮೆಟ್ಟಿಲು ಇಳಿಸಿದರು. ನಾವು ಗಿರಣಿಯ ಹತ್ತಿರ ಬರುವುದಕ್ಕೂ ಆಂಬುಲೆನ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಹೊತ್ತಿಗೆ ಸರಿಯಾಗಿ ತಂದಿರಿ, ಜೀವಕ್ಕೆ ಭಯವಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಮಾತು ಮಾತ್ರ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಅದನ್ನು ಅವರು ಎಷ್ಟು ಚುಟುಕಾಗಿ ಹೇಳಿದರೆಂದರೆ ನನಗೆ ಮೈ ಉರಿಯಿತು.

ಮೂರು ದಿನ ಮಾವನವರು ಮಾತಾಡಲಿಲ್ಲ. ಬಟ್ಟೆ ತರಲು ಮನೆಗೆ ಹೋದರೆ ಮನೆ ಬಿಕೋ ಎನ್ನುತ್ತಿತ್ತು. ಒಂದಿಡೀ ಮೀಟಿಂಗನ್ನು ಎರಡೂ ಕಿವಿಯಿಂದ ಕೇಳಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ನಾನು ಎಂದೂ ನೋಡದ ಹೊಸ ಮದುವಣಗಿತ್ತಿ ಅತ್ತೆಯವರು ಜೇಜುರಿಯ ಮೂರನೆಯ ಮೆಟ್ಟಿಲ ಮೇಲೆ ಇವರ ತೋಳಿನಲ್ಲಿ ಹಾಗೇ ಉಳಿದಿದ್ದರು. ಅವರನ್ನು ಮೇಲಕ್ಕೆ ಕರೆದುಕೊಂಡು ಹೋಗುವವರು ಬೇರೆ ಯಾರಿದ್ದಾರೆ? ನನ್ನ ಗಂಡನನ್ನು ಕೇಳಿದೆ. ಅವನೂ ಕೊನೆಯತನಕ ಕೇಳಿದವನಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸಿಸ್ಟರು ಔಷಧಿ ಕೊಡುತ್ತಿದ್ದಳು. ಮಾವನವರ ತುಟಿ ಅಲುಗಿತು. ಇಬ್ಬರೂ ಬಗ್ಗಿದೆವು.

“ಆ… ಗ್…”

ಸಿಸ್ಟರು ಬೆಚ್ಚಿಬಿದ್ದು, ಬೆಂಕಿ ಎಲ್ಲಿ ಎಂದು ಬಾಗಿಲ ಕಡೆ ತಿರುಗಿದಳು. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಬೆಂಕಿ ಇಲ್ಲ ತಾಯಿ, ಎಲ್ಲೂ ಇಲ್ಲ, ಎಂದು ಅವಳ ಕೈ ಹಿಡಿದುಕೊಂಡೆ.

ಕಥೆ ಮೂರನೆಯ ಮೆಟ್ಟಿಲಿನಿಂದ ಮುಂದಕ್ಕೆ ಹೋಗಿದ್ದರೆ ಸಾಕಿತ್ತು. ನನಗೆ ಸಾಲದೆನಿಸಿತು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಫೋನು ಬಂದುಮಾಡಿ ಚೀಲಕ್ಕೆ ಹಾಕಿದೆ.

“ಮೊದಲಿಂದ ಹೇಳಿ ಮಾವ,” ಅಂದೆ. “ಏನೂ ಬಿಡಬೇಡಿ.”

ಮಾವನವರು ತೊದಲುತ್ತ, ಒಂದೊಂದೇ ಶಬ್ದವಾಗಿ, ವಿಜಯಪುರದ ಬಸ್ ಸ್ಟ್ಯಾಂಡಿನಿಂದ ಹೊರಟರು.